ಉಕ್ಕಿನ ಬಿಲ್ಲೆಯೊಳಗಿನ ಚುಕ್ಕಿ

ನಾನು ಒಂದು ಉಕ್ಕಿನ ಬಿಲ್ಲೆ. ಹೆಬ್ಬೆರಳಿನ ಉಗುರಿನಷ್ಟಗಲ. ತುಕ್ಕು ಹತ್ತಿದೆ, ಮಾತಾಡಲೂ ಬೇಸರ. ಆದರೂ ಕೇಳಲು ಕೂತಿದ್ದೀರಿ, ಹೇಳುತ್ತೇನೆ.

ಹುಟ್ಟಿದ್ದು ಕಾರ್ಖಾನೆಯ ಕುಲುಮೆಯಲ್ಲಿ. ಕುದಿಯುವ ಉಕ್ಕಿನ ಗುಳ್ಳೆ ಅಡಗಲೆಂದು ಅದಕ್ಕೆ ಅಲ್ಯೂಮಿನಿಯಂ ಎಸೆಯುತ್ತಿದ್ದವನು ಹಾಲಪ್ಪ. ನಾನು ಮೊದಲು ಕಂಡದ್ದು ಬೆವರಿಳಿಯುವ ಅವನ ಮುಖ. ಆಮೇಲೆ ನನ್ನನ್ನು ಬಡಿದು ಬಗ್ಗಿಸಿ, ಅಲ್ಲಿನದೇ ಕ್ರೇನಿಗೆ ಕೊಕ್ಕೆ ಮಾಡಿದರು. ವರ್ಷಗಟ್ಟಲೆ ಹೊತ್ತೆ, ಇಳಿಸಿದೆ, ಮತ್ತೆ ಹೊತ್ತೆ. ಸಾಕಾಯಿತೇ ಎಂದು ಒಬ್ಬರೂ ಕೇಳಲಿಲ್ಲ. ಒಂದು ಮಧ್ಯಾಹ್ನ ಮುರಿದೆ. ಕೆಳಗಿದ್ದ ಸಾದಿಕನ ಎಡಗಾಲು ಹೋಯಿತು. ಸಾದಿಕ್ ಹಾಲಪ್ಪನ ಜೀವದ ಗೆಳೆಯ. ದಿನಾ ಬುತ್ತಿ ಹಂಚಿಕೊಂಡು ಉಣ್ಣುತ್ತಿದ್ದರು.

ಮುರಿದ ಜಾಗದಿಂದ ನನ್ನನ್ನು ಬಿಲ್ಲೆಯಾಗಿ ಕತ್ತರಿಸಿ ಪ್ರಯೋಗಾಲಯಕ್ಕೆ ಒಯ್ದರು. ಬಿಳಿ ಪುಡಿ ಹಾಕಿ ಮುಖ ಕಾಣುವಷ್ಟು ಉಜ್ಜಿದರು. ನನ್ನೊಳಗೆ ಕಣ್ಣಿಗೆ ಕಾಣದ ಒಂದು ಚುಕ್ಕಿ ಇತ್ತು. ಅದು ಏನೆಂದು ತಿಳಿಯಲು ಯಂತ್ರದಿಂದ ನನ್ನ ಮೇಲೆ ಎಲೆಕ್ಟ್ರಾನ್ ಕಿರಣ ಬಿಟ್ಟರು. ಸುತ್ತಲಿನ ಕಬ್ಬಿಣ ಲೆಕ್ಕಕ್ಕೆ ಬರದಿರಲೆಂದು ಕಿರಣದ ಜೋರು ತಗ್ಗಿಸಿ, ಮೇಲ್ಪದರದಿಂದ ಹೊಮ್ಮುವ ಎಕ್ಸ್-ರೇಯನ್ನಷ್ಟೇ ನೋಡಿದರು. ಅಲ್ಯೂಮಿನಿಯಂ ಕಂಡಿತು. ಹಾಲಪ್ಪ ಹಾಕಿದ್ದೇ ಕಸವಾಗಿ ಉಳಿದು ಕೊಕ್ಕೆ ಮುರಿಯಿತೆಂದು ಕಾರ್ಖಾನೆಯೆಲ್ಲ ಗುಲ್ಲಾಯಿತು. ಆಮೇಲೆ ಹಾಲಪ್ಪ ಸಾದಿಕನ ಬೀದಿಗೇ ಕಾಲಿಡಲಿಲ್ಲ.

ತಿಂಗಳುಗಟ್ಟಲೆ ರಜೆಯಲ್ಲಿದ್ದ ಪ್ರಯೋಗಾಲಯದ ಮುಖ್ಯಸ್ಥೆ ಮೆಟಿಲ್ಡಾ ಬಂದವರೇ ಕೇಳಿದರು: "ಪಾಲಿಶ್‌ಗೆ ಯಾವ ಪುಡಿ ಹಾಕಿದ್ರಿ?"

"ಅಲ್ಯೂಮಿನಾ, ಮೇಡಂ."

ಅವರು ಹಣೆ ಚಚ್ಚಿಕೊಂಡರು. ಆ ಪುಡಿಯಲ್ಲಿರುವುದೂ ಅಲ್ಯೂಮಿನಿಯಮ್ಮೇ! ಕಿರಣದ ಜೋರು ಏರಿಸಿ ಒಳಗೆ ಇಣುಕಿದರು. ಪುಡಿಯ ಕೆಳಗೆ ಮ್ಯಾಂಗನೀಸ್, ಗಂಧಕ. ನನ್ನನ್ನು ತೊಳೆದು ವಜ್ರದ ಪೇಸ್ಟಿನಲ್ಲಿ ಮತ್ತೆ ಉಜ್ಜಿದಾಗ ಅಲ್ಯೂಮಿನಿಯಂ ಮಾಯ. ಉಜ್ಜುವಾಗ ಚುಕ್ಕಿಯ ಸಂದಿಗೆ ಪುಡಿ ಸಿಕ್ಕಿಕೊಂಡಿತ್ತು, ಅಷ್ಟೇ. ಕೊಕ್ಕೆಯನ್ನು ಮುರಿದದ್ದು ಆ ಗಂಧಕ; ಅದು ಬಂದದ್ದು ಕುಲುಮೆಗೆ ಸುರಿದ ಗುಜರಿಯ ಜೊತೆ, ಹಾಲಪ್ಪನ ಕೈಯಿಂದಲ್ಲ.

ಸುದ್ದಿ ಕೇಳಿ ಹಾಲಪ್ಪ ಓಡಿ ಬಂದ. "ಇದನ್ನ ಕೊಡ್ತೀರಾ ಮೇಡಂ? ಸಾದಿಕ್‌ಗೆ ತೋರಿಸ್ಬೇಕು."

"ತಗೊಂಡ್ಹೋಗಿ ಹಾಲಪ್ಪನೋರೆ, ನಮ್ಮ ಕೆಲಸ ಮುಗೀತು."

ಅವನ ಜೇಬಿನಲ್ಲಿ ಕೂತು ಹೋದೆ. ಸಾದಿಕ್ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ. ನನ್ನನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರಿದ.

"ಏನೂ ಕಾಣಲ್ವಲ್ಲೋ."

"ಕಣ್ಣಿಗೆ ಕಾಣಲ್ಲ ಕಣೋ. ಮೆಷಿನ್‌ನಲ್ಲಿ ನೋಡಿದಾರೆ. ನನ್ನ ತಪ್ಪಲ್ವಂತೆ."

ಸಾದಿಕ್ ನನ್ನನ್ನು ಮುಷ್ಟಿಯೊಳಗೆ ಮುಚ್ಚಿದ.

"ಅದನ್ನ ಹೇಳೋಕೆ ಮೆಷಿನ್ ಬೇಕಿತ್ತೇನೋ? ನಾನು ಯಾವತ್ತಾದ್ರೂ ನಿನ್ನ ತಪ್ಪು ಅಂದಿದ್ನಾ? ಆ ಗುಲ್ಲೆದ್ದ ದಿನದಿಂದ ಬಾಗಿಲೇ ನೋಡ್ತಿದ್ದೆ. ಊರೆಲ್ಲ ಬಂತು, ನೀನು ಬರಲಿಲ್ಲ."

ಹಾಲಪ್ಪ ನೆಲದ ಮೇಲೆ ಕುಸಿದು ಕೂತು ಅತ್ತ.

ಸಾದಿಕ್ ನನ್ನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಅಲ್ಲೇ ಇದ್ದೇನೆ. ಅವನು ಸವರಿದ ಜಾಗದಿಂದಲೇ ತುಕ್ಕು ಶುರುವಾಯಿತು. ಚುಕ್ಕಿಯನ್ನು ಇನ್ನು ಯಾವ ಯಂತ್ರವೂ ಹುಡುಕಲಾರದು. ಸಂಜೆಯಾದರೆ ಹಾಲಪ್ಪ ಬುತ್ತಿ ಹಿಡಿದು ಬರುತ್ತಾನೆ. ನನ್ನ ಕಡೆ ಇಬ್ಬರೂ ನೋಡುವುದಿಲ್ಲ. ನನಗೂ ಅಷ್ಟೇ ಸಾಕು.