ಗೋಡೆಯ ಹೊರಮೈ

ಸಭಾಪಾಲಕರಿಗೆ ಆ ದಿನವೇ ಗೋಡೆಯ ನೇರ ನೋಡುವ ನೂಲುಗುಂಡಿನ ಮೇಲೆ ಪ್ರಸಂಗ ಮಾಡಬೇಕೆಂದು ಯಾಕೆ ಹೊಳೆಯಿತೋ! ಹೊಸ ಪ್ರಾರ್ಥನಾಮಂದಿರದ ಮೊದಲ ಭಾನುವಾರ. ಕಾಲಿಡಲು ಜಾಗವಿಲ್ಲದಷ್ಟು ಜನ. ಕಟ್ಟಿದ ಮೇಸ್ತ್ರಿಯ ಹೆಂಡತಿಯೆಂದು ಜಂಬದಿಂದ ಕೂರಬೇಕಾದ ನಾನು ಮುಳ್ಳಿನ ಮೇಲೆ ಕೂತಿದ್ದೆ.

“ಪ್ರವಾದಿಗೆ ಒಂದು ದರ್ಶನ ಆಯ್ತು,” ಎಂದರು ಸಭಾಪಾಲಕರು. “ದೇವರು ನೂಲುಗುಂಡು ಹಿಡ್ಕೊಂಡು ಗೋಡೆ ಹತ್ರ ನಿಂತಿದಾನೆ. ನನ್ನ ಜನ ನೆಟ್ಟಗಿದಾರಾ ಅಂತ ನೋಡ್ತಿದಾನೆ. ದೇವರ ರಾಜ್ಯ ಸುಮ್ನೆ ಆಕಾಶದಿಂದ ಉದುರುತ್ತೆ ಅನ್ಕೊಂಡ್ರಾ? ಮೊದ್ಲು ಅಳತೆ! ಮೇಸ್ತ್ರಿ, ನಿನ್ನ ಗುಂಡು ತಗೊಂಡು ಬಾಪ್ಪಾ, ಈ ಓಣಿ ಕಡೆ ಗೋಡೆಗೇ ಹಿಡಿ. ಎಲ್ರೂ ಕಣ್ಣಾರೆ ನೋಡ್ಲಿ.”



ಆ ಗೋಡೆ ವಾಲಿತ್ತು. ಹಸಿ ಗೋಡೆಯನ್ನು ದಿನಕ್ಕೆ ನಾಲ್ಕಡಿಗಿಂತ ಹೆಚ್ಚು ಏರಿಸಬಾರದು, ಕೆಳಗಿನ ಗಾರೆ ಬಿಗಿಯಲು ಬಿಡಬೇಕು. ಉದ್ಘಾಟನೆ ಹತ್ತಿರ ಬಂತೆಂದು ನನ್ನ ಗಂಡ ಒಂದೇ ದಿನ ಎಂಟಡಿ ಏರಿಸಿದ. ಮರುದಿನ ನೋಡಿದರೆ ಓಣಿಯ ಕಡೆಗೆ ಮೂರು ಬೆರಳು ವಾಲಿದೆ. ಕೆಡವಲು ಸುತ್ತಿಗೆ ಹಿಡಿದವನನ್ನು ತಡೆದವಳು ನಾನೇ. “ಕೆಡವಿದ್ರೆ ಇನ್ಯಾರು ನಿಮ್ಮನ್ನ ಕೆಲ್ಸಕ್ಕೆ ಕರೀತಾರೆ? ಒಳಗಡೆ ಮೇಲೆ ದಪ್ಪ, ಕೆಳಗೆ ತೆಳ್ಳಗೆ ಗಾರೆ ಬಳೀರಿ. ಯಾರಪ್ಪನಿಗೆ ಗೊತ್ತಾಗುತ್ತೆ?” ಎಂದೆ. ಗಾರೆ ಕಲಸಿಕೊಟ್ಟವಳೂ ನಾನೇ. ಆಮೇಲೆ ಮೇಲೆ ಹೆಂಚಿನ ಭಾರ ಬಿತ್ತು. ಇವತ್ತು ಬೆಳಿಗ್ಗೆ ಬರುವಾಗ ಹೊರಮೈಯ ಇಟ್ಟಿಗೆಗಳ ನಡುವೆ ಹೊಸ ಬಿರುಕು ಕಂಡಿತು. ಕಂಡೂ ಕಾಣದವಳಂತೆ ಒಳಗೆ ಬಂದೆ.

ಗಂಡ ಬೆಂಚು ಹತ್ತಿ ನೂಲು ಇಳಿಬಿಟ್ಟ. ಗುಂಡು ಎರಡು ಸಲ ತೂಗಾಡಿ, ನುಣ್ಣನೆಯ ಗಾರೆಗೆ ಸೋಕಿ ನಿಂತಿತು. ನಾವು ಬಳಿದ ಸುಳ್ಳು ಅಷ್ಟು ನೆಟ್ಟಗಿತ್ತು.

“ಆಮೆನ್!” ಎಂದರು ಜನ. ಹೋದ ಜೀವ ಬಂದಂತಾಗಿ ನಾನೂ ಆಮೆನ್ ಎಂದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಎಂದೆ.

“ಹೀಗಿರ್ಬೇಕು!” ಎಂದರು ಸಭಾಪಾಲಕರು. “ಸರಿ, ಮಕ್ಕಳೆಲ್ಲ ಪಾಠಕ್ಕೆ ಹೊರಡಿ. ಟೀಚರಮ್ಮ ಓಣೀಲಿ, ಈ ಗೋಡೆ ನೆರಳಲ್ಲೇ ಚಾಪೆ ಹಾಸಿದಾರೆ.”

ಇಪ್ಪತ್ತು ಮಕ್ಕಳು ದಡದಡನೆ ಎದ್ದರು. ಗಂಡನ ಮುಖ ನೋಡಿದೆ. ಅವನು ತಲೆ ತಗ್ಗಿಸಿ ನೂಲು ಸುತ್ತುತ್ತಿದ್ದ. ಎಂಥ ಗಂಡಸಪ್ಪಾ ಇವನು ಎಂದು ಮೈ ಉರಿಯಿತು. ಅಷ್ಟರಲ್ಲಿ ಮೊದಲ ಮಗು ಹೊಸ್ತಿಲು ದಾಟುತ್ತಿತ್ತು.

“ನಿಲ್ರೋ!” ಎಂದು ಕಿರುಚಿದವಳು ನಾನೇ ಎಂದು ಆಮೇಲೆ ಗೊತ್ತಾಯಿತು. “ಅಯ್ಯನವ್ರೇ, ಗುಂಡನ್ನ ಹೊರಗಡೆ ಇಡ್ಸಿ.”

“ಏನಮ್ಮಾ ಇದು, ಆರಾಧನೆ ಮಧ್ಯ?”

“ಗೋಡೆ ವಾಲಿದೆ. ಗಾರೆ ಬಳಿದು ಮುಚ್ಚಿ ಅಂದೋಳು ನಾನು.”

ಗಂಡ ಬೆಂಚನ್ನು ಹೊರಗೆ ಎಳೆದು ತಂದು ನೂಲು ಇಳಿಬಿಟ್ಟ. ಗುಂಡು ಗೋಡೆಯಿಂದ ದೂರ, ಗಾಳಿಯಲ್ಲೇ ನಿಂತಿತು. ಸಭಾಪಾಲಕರು ಆ ಸಂದಿಗೆ ಬೆರಳಿಟ್ಟು ನೋಡಿದರು. ಒಂದು, ಎರಡು, ಮೂರು. ಬಿರುಕು ನೋಡಿದರು, ಕಾಲಡಿಯ ಚಾಪೆ ನೋಡಿದರು.

“ತಪ್ಪಾಯ್ತು ಅಯ್ಯನವ್ರೇ,” ಎಂದು ಗಂಡ ಅತ್ತುಬಿಟ್ಟ. “ಅವಸರದಲ್ಲಿ ಏರಿಸಿಬಿಟ್ಟೆ.”

“ಇವತ್ತಿಗೇ ಮುಗೀಬೇಕು ಅಂತ ನಿನ್ನ ಬೆನ್ನು ಹತ್ತಿದೋನು ನಾನೇ ಅಲ್ವೇನಪ್ಪಾ?” ಎಂದರು ಸಭಾಪಾಲಕರು. ಆಮೇಲೆ ನಿಲುವಂಗಿ ಕಳಚಿ ಚಾಪೆಯ ಮೇಲೆಸೆದು ಏಣಿ ತರಿಸಿದರು. “ಮೊದ್ಲು ಹೆಂಚು ಇಳಿಸೋಣ. ಆಮೇಲೆ ಕೆಡವೋಣ.”

ನಿನ್ನ ರಾಜ್ಯ ಬರಲಿ ಎಂದು ದೇವರ ಮುಂದೆ ದಿನಾ ಬಾಯಿಪಾಠ ಒಪ್ಪಿಸಿದವಳು ನಾನು. ಬಂದರೆ ನಮ್ಮ ಗೋಡೆಯಿಂದಲೇ ಶುರುವಾದೀತೆಂದು ಯಾರು ಎಣಿಸಿದ್ದರು!

ಸಾಲಾಗಿ ನಿಂತು ಹೆಂಚು ಕೈದಾಟಿಸಿದೆವು. ಯಾರೂ ನನ್ನೊಡನೆ ಮಾತಾಡಲಿಲ್ಲ. ನನ್ನ ಪಕ್ಕದಲ್ಲಿದ್ದವಳು ಟೀಚರಮ್ಮ; ಅವಳ ಮಗಳೂ ಆ ಇಪ್ಪತ್ತು ಮಕ್ಕಳಲ್ಲಿ ಒಬ್ಬಳು. ಟೀಚರಮ್ಮ ನನ್ನ ಮುಖ ನೋಡದೆಯೇ ಒಂದೊಂದೇ ಹೆಂಚು ನನ್ನ ಕೈಗಿಟ್ಟಳು. ನಾನು ಒಂದನ್ನೂ ಬೀಳಿಸಲಿಲ್ಲ.