ಬಲಗಡೆಯ ಹಿಡಿ

"ಆ ದಾರ ಕಟ್ಟಿದ್ದಕ್ಕೇ ನಮ್ಮ ಹುಡುಗ ಉಳಿದಿದ್ದು, ಬದರಿಯವರೇ. ಡಾಕ್ಟ್ರು ಏನ್ ಬೇಕಾದ್ರೂ ಹೇಳ್ಕೊಳ್ಲಿ, ನಾನಂತೂ ಅದನ್ನೇ ಹೇಳೋದು."

ಕೌಸಲ್ಯಾ ಹೀಗೆನ್ನುತ್ತ ಚಕ್ಕುಲಿಯ ತಟ್ಟೆಯನ್ನು ಬದರಿನಾಥನ ಕಡೆ ತಳ್ಳಿದಳು. ಎರಡು ತಿಂಗಳಿಂದ, ಪರದೇಶದ ಯಿಶುನ್‌ನ ಈ ಒಂಬತ್ತನೇ ಮಹಡಿಯ ಮನೆಗೆ ಬಂದವರೆಲ್ಲ ಈ ಮಾತು ಕೇಳಿಸಿಕೊಂಡಿದ್ದರು. ಮನೆಗೆ ಬಾರದವರೂ ತಪ್ಪಿಸಿಕೊಂಡಿರಲಿಲ್ಲ. ಪಕ್ಕದ ಮನೆಯ ಮಲಯ್ ಹೆಂಗಸಿಗೆ ಲಿಫ್ಟಿನಲ್ಲಿ, ಫಿಸಿಯೋಥೆರಪಿಯ ಹುಡುಗಿಗೆ ಆಸ್ಪತ್ರೆಯಲ್ಲಿ, ಇಂಗ್ಲಿಷಿನಲ್ಲಿ, ಕೈಸನ್ನೆಯ ಸಮೇತ ಹೇಳಿಯಾಗಿತ್ತು.

"ಇರಬಹುದು ಅತ್ತಿಗೆ," ಬದರಿನಾಥ ಚಕ್ಕುಲಿ ಮುರಿದ. "ಆದ್ರೆ ಮೊದಲು ಇವ್ನು ಅಲ್ಲಿ ಜಿಂಕೆ ಗಿಂಕೆ ತಿಂದು ದೇವರಿಗೆ ಸಿಟ್ಟು ಬರಿಸಿದ್ನೋ ಏನೋ. ಏನೋ ನೀಲ್, ತಿಂದ್ಯೋ ಇಲ್ವೋ? ನಿಮ್ಮಮ್ಮಂಗೆ ಹೇಳಲ್ಲ."

"ಇಲ್ಲ ಅಂಕಲ್. ಬರೀ ಬ್ರೆಡ್ಡು, ಆಲೂಗೆಡ್ಡೆ. ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ ಗೊಜ್ಜು ಒಂದೇ ವಾರದಲ್ಲಿ ಫಿನಿಶ್ ಲಾ."

ಎಲ್ಲರೂ ನಕ್ಕರು. ನೀಲ್ ಕೂಡ ನಕ್ಕ. ಇಪ್ಪತ್ನಾಲ್ಕರ ಹುಡುಗ, ಸೊಂಟದ ಮೂಳೆಗೆ ಉಕ್ಕಿನ ಪಟ್ಟಿ ಹಾಕಿಸಿಕೊಂಡು, ಊರುಗೋಲುಗಳನ್ನು ಗೋಡೆಗೆ ಒರಗಿಸಿ, ಎರಡು ದಿಂಬಿನ ಮೇಲೆ ಕೂತಿದ್ದ. ನಗದೆ ಉಳಿದವನು ಅವನ ಅಪ್ಪ ಸೇತುರಾಮ ಒಬ್ಬನೇ. ಅವನ ಅಂಗಿಯ ಜೇಬಿನಲ್ಲಿ ಫೋನಿತ್ತು, ಫೋನಿನಲ್ಲಿ ಮೂರು ದಿನದ ಹಿಂದೆ ಬಂದ ಒಂದು ಮೇಲ್ ಇತ್ತು. ಅದಕ್ಕೆ ಉತ್ತರ ಕೊಡಲು ಇವತ್ತು ಕೊನೆಯ ದಿನ.

ಸೇತುರಾಮ ಇಪ್ಪತ್ತೊಂಬತ್ತು ವರ್ಷದಿಂದ ಲಿಫ್ಟುಗಳನ್ನು ನೋಡಿಕೊಳ್ಳುವವನು. ವುಡ್‌ಲ್ಯಾಂಡ್ಸ್‌ನಿಂದ ಯಿಶುನ್‌ವರೆಗೆ ಯಾವ ಬ್ಲಾಕಿನ ಯಾವ ಲಿಫ್ಟು ಮಳೆಗಾಲದಲ್ಲಿ ನರಳುತ್ತದೆ ಎಂದು ಬಾಯಿಪಾಠವಾಗಿ ಹೇಳಬಲ್ಲವನು. ಬದರಿನಾಥ ಅದೇ ಕೆಲಸದ ಜೊತೆಗಾರ. ತಿರುಗುವ ಭಾಗದ ಹತ್ತಿರ ಒಂದು ಬಟ್ಟೆ ಚೂರು ಕಂಡರೂ ಇಬ್ಬರೂ ಕೆಲಸ ನಿಲ್ಲಿಸಿ ತೆಗೆಯುವ ಜಾತಿ. "ಈ ಚೆಕ್ ಲಿಸ್ಟ್ ಯಾರೋ ಕೂತ್ಕೊಂಡು ಬರೆದಿದ್ದಲ್ಲ ಕಣೋ. ಒಂದೊಂದು ಸಾಲಿಗೂ ಎಲ್ಲೋ ಒಬ್ಬ ಸತ್ತಿರ್ತಾನೆ," ಎಂದು ಸೇತುರಾಮ ಮಗನಿಗೆ ಚಿಕ್ಕಂದಿನಿಂದ ಹೇಳಿ ಬೆಳೆಸಿದ್ದ.

ಮಗನೂ ಹಾಗೇ ಬೆಳೆದ. ಇಲ್ಲಿನ ಹುಡುಗರಿಗೆ ಕಡ್ಡಾಯವಾದ ನ್ಯಾಷನಲ್ ಸರ್ವಿಸ್ ಮಾಡಿದ್ದು ಸೈನ್ಯದ ಗಾಡಿಗಳ ವರ್ಕ್‌ಶಾಪಿನಲ್ಲಿ. ಅದು ಮುಗಿದ ಮೇಲೆ ಎಲ್ಲರಂತೆ ಪಾಯಾ ಲೆಬಾರ್‌ನ ಆಫೀಸೊಂದಕ್ಕೆ ಸೇರುವುದು ಬಿಟ್ಟು, ಫಿನ್‌ಲ್ಯಾಂಡಿನ ಉತ್ತರ ತುದಿಯಲ್ಲಿ ಒಂದು ಚಳಿಗಾಲದ ಮಟ್ಟಿಗೆ ಕೆಲಸ ಹುಡುಕಿಕೊಂಡ. ಬೆಳಿಗ್ಗೆ ಸ್ನೋಮೊಬೈಲ್ ಎಂಬ ಹಿಮಗಾಡಿಗಳನ್ನು ರಿಪೇರಿ ಮಾಡುವುದು, ಮಧ್ಯಾಹ್ನ ಪ್ರವಾಸಿಗಳನ್ನು ಕೂರಿಸಿಕೊಂಡು ಹಿಮದ ಮೇಲೆ ಓಡಿಸುವುದು. "ಹುಟ್ಟಿದಾಗಿಂದ ಬೆವರೇ ಆಯ್ತು. ಒಂದ್ಸಲ ಚಳಿ ನೋಡ್ಕೊಂಡು ಬರ್ತೀನಿ," ಅಂದಿದ್ದ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅವನ ಗಾಡಿ ನಿಲ್ಲದೆ ಇಳಿಜಾರಿನಲ್ಲಿ ಹೋಗಿ ಮರಗಳಿಗೆ ಬಡಿಯಿತು. ಹಿಂದೆ ಕೂತಿದ್ದ ಹೆಂಗಸು, ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಬಂದಿದ್ದ ಅರವತ್ತೆರಡರ ಲೈಬ್ರೇರಿಯನ್, ಅಲ್ಲೇ ತೀರಿಕೊಂಡಳು. ನೀಲ್ ಉಳಿದ.

"ಅಲ್ಲಾ, ನನಗೊಂದು ಅರ್ಥ ಆಗಲ್ಲ," ಬದರಿನಾಥ ಕೇಳಿದ. "ಆ ಗಾಡಿ ಓಡಿಸೋದು ಹೆಂಗೋ? ಸ್ಕೂಟರ್ ತರಾನೇ ತಿರುಚೋದಾ?"

"ತಿರುಚೋದಲ್ಲ ಅಂಕಲ್, ಒತ್ತೋದು. ಎಡಗೈಗೆ ಬ್ರೇಕ್. ಬಲಗಡೆ ಹಿಡಿ ಪಕ್ಕ ಒಂದು ಲಿವರ್ ಇರತ್ತೆ, ಥ್ರಾಟಲ್. ಹೆಬ್ಬೆರಳಲ್ಲಿ ಒತ್ತಿದ್ರೆ ಹೋಗತ್ತೆ. ಬೆರಳು ಎತ್ತಿದ್ರೆ ಅದು ಟಪ್ ಅಂತ ವಾಪಸ್ ಬರ್ಬೇಕು. ಸ್ಟಾರ್ಟ್ ಮಾಡೋಕೆ ಮುಂಚೆ ಮೂರು ಸಲ ಒತ್ತಿ ಬಿಟ್ಟು ನೋಡ್ತೀವಿ."

"ವಾಪಸ್ ಬರ್ಲಿಲ್ಲ ಅಂದ್ರೆ?"

"ಕೆಂಪು ಬಟನ್ ಇರತ್ತೆ. ಹೊಡೆದ್ರೆ ಇಂಜಿನ್ ಆಫ್. ಅದನ್ನೂ ದಿನಾ ಬೆಳಿಗ್ಗೆ ಟೆಸ್ಟ್ ಮಾಡ್ಬೇಕು. ಆಮೇಲೆ ಜಾಕೆಟ್‌ಗೆ ಸಿಕ್ಕಿಸ್ಕೊಳೋ ಸುರುಳಿ ಹಗ್ಗ. ಓಡಿಸೋನು ಬಿದ್ರೆ ಅದು ಕಿತ್ಕೊಂಡು ಬರತ್ತೆ, ಗಾಡಿ ನಿಲ್ಲತ್ತೆ. ಅಡಿಯ ಪಟ್ಟಿಲಿ ಐಸ್ ಕಟ್ಟಿದ್ಯಾ, ಬೆಲ್ಟ್ ಸವೆದಿದ್ಯಾ, ಎಲ್ಲಾ ನೋಡಿದ್ದೆ ಅಂಕಲ್." ನೀಲ್ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು ಬೇರೆ ಯಾರದ್ದೋ ಸಾಮಾನು ನೋಡುವಂತೆ ನೋಡಿದ. "ಗಾಡಿ ಸರಿಯಾಗಿತ್ತು. ಹೆಬ್ಬೆರಳೇ ಬಿಡ್ಲಿಲ್ಲ. ಚಳಿಗೆ ಮರಗಟ್ಟಿತ್ತು."

ಬದರಿನಾಥನ ಬಾಯಲ್ಲಿ ಚಕ್ಕುಲಿ ಹಾಗೇ ನಿಂತಿತು.

"ಅದೇ ಹೇಳೋದು ನಾನು," ಕೌಸಲ್ಯಾ ಮಗನ ತಲೆ ಸವರಿದಳು. "ಬೆರಳು ಮರಗಟ್ಟಿದ್ರೂ ಜೀವ ಉಳಿಸ್ತಲ್ಲ ಆ ದಾರ."

ಅದು ಅವಳ ಅಕ್ಕ ನಂಜನಗೂಡಿನಿಂದ ಪೂಜೆ ಮಾಡಿಸಿ ಕಳಿಸಿದ್ದ ಕೆಂಪು ದಾರ. ಮಗ ಹೊರಡುವಾಗ ಕೌಸಲ್ಯಾ ಅದನ್ನು ಅವನ ಪಾಸ್‌ಪೋರ್ಟಿನೊಳಗೇ ಇಟ್ಟಿದ್ದಳು. ಡಿಸೆಂಬರಿನಲ್ಲಿ ಕೆಲಸ ಶುರುವಾದ ದಿನ ವಿಡಿಯೋ ಕಾಲ್ ಮಾಡಿ, ತನ್ನ ಕಣ್ಣೆದುರಿಗೇ ಗಾಡಿಗೆ ಕಟ್ಟಬೇಕು ಎಂದಳು. ಅವನು ಕಟ್ಟಿದ, ಎಡಗಡೆಗೆ. "ಎಡಗಡೆ ಯಾರಾದ್ರೂ ಕಟ್ತಾರೇನೋ? ಶುಭ ಅಲ್ಲ, ಬಲಗಡೆಗೆ ಕಟ್ಟು." "ಅಮ್ಮಾ, ಬಲಗಡೆ ಥ್ರಾಟಲ್ ಇದೆ." "ಇದ್ರೆ ಇರ್ಲಿ, ಅದಕ್ಕೂ ಒಳ್ಳೇದೇ." ಹತ್ತು ನಿಮಿಷ ಇದೇ ಜಗ್ಗಾಟ. ಸೇತುರಾಮ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಎಲ್ಲೋ ಒಂದು ಲಿಫ್ಟಿನಲ್ಲಿ ಚೀನೀ ಮುದುಕಿಯೊಬ್ಬಳು ಸಿಕ್ಕಿಕೊಂಡು ಆಫೀಸಿನಿಂದ ಎರಡು ಸಲ ಫೋನು ಬಂದಿತ್ತು. ಅವನು ಹೆಂಡತಿಯ ಭುಜದ ಮೇಲಿಂದ ಬಗ್ಗಿ ಹೇಳಿದ: "ಲಿವರ್‌ಗೆ ಬೇಡ ಕಣೋ. ಪಕ್ಕದಲ್ಲಿ ಹಿಡಿಗೆ ಸುತ್ತಿಬಿಡು, ಮುಗೀತು. ನಿಮ್ಮಮ್ಮ ಬಿಡಲ್ಲ."

ಇಪ್ಪತ್ತೊಂಬತ್ತು ವರ್ಷದಲ್ಲಿ ಯಾವ ಯಂತ್ರದ ಬಗ್ಗೆಯೂ ಅವನು ಅಂಥ ಮಾತು ಆಡಿರಲಿಲ್ಲ. ಆಡಿದ್ದು ಒಂದೇ ಸಲ, ಒಂದೇ ಉಸಿರಿನಲ್ಲಿ. ಆಮೇಲೆ ಮರೆತೂ ಬಿಟ್ಟ.

ಅಪಘಾತವಾದ ಮೇಲೆ, ಮಗನ ಬೆರಳಿನ ಮೇಲೆ ತಪ್ಪು ಹೊರಿಸಿದ ಕರಡು ವರದಿಯನ್ನು ಒಪ್ಪದೆ, ಸೇತುರಾಮನೇ ಮಗ ಕೆಲಸ ಮಾಡುತ್ತಿದ್ದ ಕಂಪನಿಗೆ ಮೇಲಿಂದ ಮೇಲೆ ಮೇಲ್ ಬರೆದಿದ್ದ. ಗಾಡಿಯಲ್ಲೇ ದೋಷವಿದೆ, ಬಿಚ್ಚಿ ನೋಡಿ, ಫೋಟೋ ಕಳಿಸಿ. ಅವರು ಬಿಚ್ಚಿದರು, ಫೋಟೋ ಕಳಿಸಿದರು. ಹದಿನಾಲ್ಕು ಫೋಟೋಗಳಲ್ಲಿ ಒಂಬತ್ತನೆಯದರಲ್ಲಿ ಥ್ರಾಟಲ್ ಲಿವರಿನ ಸಂದಿ. ಸಂದಿಯೊಳಗೆ ಬಿಚ್ಚಿಕೊಂಡ ಕೆಂಪು ಎಳೆ. ಕೆಳಗೆ ಮರ್ಯಾದೆಯ ಇಂಗ್ಲಿಷಿನಲ್ಲಿ ಎರಡು ಸಾಲು: ಈ ದಾರ ಏನು, ಹೇಗೆ ಬಂತು ಎಂದು ನಿಮ್ಮ ಮಗನಿಗೆ ಗೊತ್ತಿದೆಯೇ? ಶುಕ್ರವಾರದೊಳಗೆ ತಿಳಿಸಿದರೆ ವರದಿ ಮುಗಿಸುತ್ತೇವೆ, ತೀರಿಕೊಂಡವರ ಮಗಳು ದಿನವೂ ಕೇಳುತ್ತಿದ್ದಾರೆ.

ಸೇತುರಾಮನಿಗೆ ಉಳಿದದ್ದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಬೆಚ್ಚಗಿನ ಶೆಡ್ಡಿನಲ್ಲಿ ಮೂರು ಸಲ ಒತ್ತಿದಾಗ ದಾರ ಹತ್ತಿಯಂತೆ ಮೆತ್ತಗಿತ್ತು. ಹೊರಗೆ ಬಂದಾಗ ಹಿಮ ಸಿಡಿದು ನೆನೆಯಿತು, ಎಳೆ ಬಿಚ್ಚಿ ಸಂದಿಗೆ ಜಾರಿತು, ಗಟ್ಟಿಯಾಯಿತು. ಒಳಗೆ ಪಾಸಾದ ಗಾಡಿ ಹೊರಗೆ ಫೇಲಾಯಿತು. ಮಗನ ಹೆಬ್ಬೆರಳಿನ ತಪ್ಪು ಕೂದಲೆಳೆಯಷ್ಟೂ ಇಲ್ಲ. ಅದನ್ನು ಅವನಿಗೆ ಹೇಳಿದರೆ ಅವನು ಆ ಕೈಯನ್ನು ಮತ್ತೆ ತನ್ನದೆಂದು ನೋಡಿಯಾನು. ಆದರೆ ಹೇಳಿದ ಮಾತು ಈ ಮನೆಯ ಮೂರು ಕೋಣೆ ದಾಟಿ ಕೌಸಲ್ಯಾಳ ಕಿವಿಗೆ ಬೀಳದೆ ಇರುತ್ತದೆಯೇ?

"ನಾನೂ ಕೆಳಗೆ ಬರ್ತೀನಿ ಇರಿ, ಕೊತ್ತಂಬರಿ ತರ್ಬೇಕು," ಎಂದು ಕೌಸಲ್ಯಾ ಬದರಿನಾಥನ ಜೊತೆಗೇ ಹೊರಟಳು. ಬಾಗಿಲು ಮುಚ್ಚಿತು. ಲಿಫ್ಟು ಬಂದು ಅವರನ್ನು ಒಯ್ದ ಸದ್ದನ್ನು ಸೇತುರಾಮ ಪೂರ್ತಿ ಕೇಳಿಸಿಕೊಂಡ.

"ನೀಲ್. ಅವ್ರು ಫೋಟೋ ಕಳ್ಸಿದಾರೆ."

"ದಾರದ್ದಾ?"

ಮಗ ತಲೆ ಎತ್ತಿರಲಿಲ್ಲ. ಸೇತುರಾಮನಿಗೆ ಕೂತ ಕುರ್ಚಿ ಒಂದು ಅಂಗುಲ ಕೆಳಗಿಳಿದಂತಾಯಿತು.

"ನಿಂಗೆ ಯಾವಾಗ ಗೊತ್ತಾಯ್ತೋ?"

"ಗಾಡಿ ಓಡ್ತಿರೋವಾಗ್ಲೇ. ಹೆಬ್ಬೆರಳು ಎತ್ತಿದ್ದೆ ಅಪ್ಪಾ, ಪೂರ್ತಿ ಎತ್ತಿದ್ದೆ. ಲಿವರ್ ಹಂಗೇ ಒಳಗಿತ್ತು. ಏನಿದು ಅಂತ ಬಗ್ಗಿ ನೋಡ್ದೆ. ದಾರ ಗಾಜಿನ ಕಡ್ಡಿ ತರ ಕೂತಿತ್ತು. ನೋಡೋದ್ರಲ್ಲಿ ಎರಡು ಸೆಕೆಂಡ್ ಹೋಯ್ತು. ಅಷ್ಟರಲ್ಲಿ ಬಟನ್ ಹೊಡೀಬೋದಿತ್ತು."

"ಮತ್ತೆ ಹೆಬ್ಬೆರಳು ಅಂತ ಯಾಕೋ ಹೇಳ್ದೆ? ಎರಡು ತಿಂಗಳಿಂದ?"

"ಆಸ್ಪತ್ರೆಲಿ ಕಣ್ಣು ಬಿಟ್ಟಾಗ ನರ್ಸ್ ಫೋನ್ ಹಿಡಿದಿದ್ರು. ಅಮ್ಮ ವಿಡಿಯೋದಲ್ಲಿ ಇದ್ಲು. ಮೊದಲನೇ ಮಾತೇ, ದಾರ ಕಾಪಾಡ್ತು ಕಂದಾ ಅಂತ. ನಾನೇನ್ ಹೇಳ್ಲಿ?" ನೀಲ್ ಚಕ್ಕುಲಿಯ ಪುಡಿಯನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದ. "ಅವತ್ತು ಬೆಳಿಗ್ಗೆ ಎಳೆ ಬಿಚ್ಚಿದ್ದು ನೋಡಿದ್ದೆ. ಕತ್ತರಿಸೋಣ ಅಂತ ಚಾಕು ಕೂಡ ತಗೊಂಡೆ. ಆಮೇಲೆ, ಅಮ್ಮ ಕಾಲ್ ಮಾಡಿದಾಗ ಎಲ್ಲಿ ತೋರ್ಸು ಅಂತಾಳಲ್ಲ ಅಂತ ಬಿಟ್ಟೆ. ನಾನು ಮೆಕ್ಯಾನಿಕ್ ಅಪ್ಪಾ. ನನ್ನ ಕೈಲಿ ಚಾಕು ಇತ್ತು."

"ಬಲಗಡೆಗೆ ಸುತ್ತು ಅಂದಿದ್ದು ನಾನು."

"ಹ್ಞೂಂ," ಅಂದ ನೀಲ್.

ಇಲ್ಲ ಬಿಡಿ ಅಪ್ಪಾ ಎನ್ನುತ್ತಾನೆ ಎಂದು ಎಲ್ಲೋ ಒಂದು ಕಡೆ ಕಾದಿದ್ದ ಸೇತುರಾಮ ಆ ಹ್ಞೂಂ ಅನ್ನು ಹಾಗೇ ಇಟ್ಟುಕೊಂಡ.

"ನಿಜ ಬರೆದ್ರೆ," ಸೇತುರಾಮ ಹೇಳಿದ, "ಅವ್ರ ಲಿಸ್ಟಿನಲ್ಲಿ ಒಂದು ಸಾಲು ಸೇರತ್ತೆ ಕಣೋ. ಹ್ಯಾಂಡಲ್‌ಗೆ ಏನೂ ಕಟ್ಬಾರ್ದು ಅಂತ. ಶೆಡ್ಡಿಂದ ಆಚೆ ಬಂದ ಮೇಲೆ ಇನ್ನೊಂದ್ಸಲ ಒತ್ತಿ ನೋಡ್ಬೇಕು ಅಂತ. ಮುಂದಿನ ಹುಡುಗನಿಗೆ..."

"ಗೊತ್ತು."

"ಆ ಹೆಂಗಸಿನ ಮಗಳೂ ಕಾಯ್ತಿದಾಳೆ."

"ಗೊತ್ತು ಅಪ್ಪಾ. ಅವಳ ಹೆಸರೂ ಗೊತ್ತು, ನಂಗೂ ಬರೆದಿದ್ಲು." ನೀಲ್‌ನ ದನಿ ಏರಲಿಲ್ಲ. "ವರದಿಲಿ ಬಂದ್ರೆ ಪೇಪರ್‌ನಲ್ಲಿ ಬರತ್ತೆ. ಅಮ್ಮ ಓದ್ತಾಳೆ. ಅವಳು ಉಳಿಯಲ್ಲ ಅಪ್ಪಾ. ನೀವು ಹೇಳಿ, ಉಳೀತಾಳಾ?"

ಸೇತುರಾಮ ಮುಖ ಆಚೆ ತಿರುಗಿಸಿದ. ಅಡುಗೆಮನೆಯ ಕಿಟಕಿಯಾಚೆ ಬಿದಿರ ಕೋಲುಗಳಲ್ಲಿ ಪಕ್ಕದ ಮನೆಯವರ ಬಟ್ಟೆ ಒಣಗುತ್ತಿತ್ತು.

"ತಪ್ಪು ನಿನ್ನ ಹೆಸರಿಗೇ ಉಳಿಯತ್ತೆ ಕಣೋ. ಎಲ್ಲೂ ನಿಂಗೆ ಗಾಡಿ ಮುಟ್ಟೋಕೆ ಬಿಡಲ್ಲ."

"ನಂಗೇ ಮುಟ್ಟೋಕೆ ಇಷ್ಟ ಇಲ್ಲ. ಬರೀರಿ. ಗೊತ್ತಿಲ್ಲ ಅಂತ ಬರೀರಿ."

ಸೇತುರಾಮ ಫೋನು ತೆಗೆದ. ಮೊದಲು ನಾಲ್ಕು ಸಾಲು ನಿಜ ಬರೆದ. ಅಕ್ಷರ ತಪ್ಪು ತಿದ್ದಿ, ಕೊನೆಗೆ ಕ್ಷಮೆಯ ಮಾತನ್ನೂ ಸೇರಿಸಿದ. ಓದಿದ. ಅಳಿಸಿದ. ಆಮೇಲೆ ಬರೆದದ್ದು ಎರಡು ಸಾಲು: ಆ ದಾರ ಯಾವುದೆಂದು ನಮಗೆ ತಿಳಿದಿಲ್ಲ. ಮಗನಿಗೂ ನೆನಪಿಲ್ಲ. ತಾನು ನೋಡದ ಬೋಲ್ಟಿಗೆ ಇಷ್ಟು ವರ್ಷದಲ್ಲಿ ಒಂದು ಸಲವೂ ಟಿಕ್ ಹಾಕಿರದ ಮನುಷ್ಯ, ಹೆಬ್ಬೆರಳಿನಿಂದ ಒತ್ತಿ ಕಳಿಸಿದ.

ಬಾಗಿಲು ತೆರೆದು ಕೌಸಲ್ಯಾ ಕೊತ್ತಂಬರಿ ಕಟ್ಟು ಹಿಡಿದು ಬಂದಳು. ಮುಖ ಎಷ್ಟೋ ದಿನದ ಮೇಲೆ ಅರಳಿತ್ತು.

"ರೀ, ಕೇಳಿದ್ರಾ? ಬದರಿಯವ್ರ ಮಗಳು ಸಮೃದ್ಧಿ ಮೋಟರ್‌ಬೈಕ್ ತಗೊಂಡಿದಾಳಂತೆ. ಸೋಮವಾರದಿಂದ ಆಫೀಸಿಗೆ ಅದರಲ್ಲೇ ಅಂತೆ. ಅತ್ತಿಗೆ, ನೀಲ್‌ಗೆ ಕೊಟ್ರಲ್ಲ, ಅದೇ ತರದ್ದು ಅವಳಿಗೂ ಒಂದು ಕೊಡಿ ಅಂದ್ರು. ಅಕ್ಕ ಕಳಿಸಿದ್ದು ಇನ್ನೂ ಎರಡು ಇದೆ."

"ಕನ್ನಡಿಗೆ ಕಟ್ಟಲಿ," ಅಂದ ಸೇತುರಾಮ. ದನಿ ತನ್ನದಲ್ಲವೆನಿಸಿತು. "ಇಲ್ಲಾ ಸೀಟಿನೊಳಗೆ ಇಡ್ಲಿ."

"ಸೀಟಿನೊಳಗಾ? ದೇವರ ದಾರಾನ?" ಕೌಸಲ್ಯಾ ನಕ್ಕಳು. "ಏನ್ರೀ ನೀವು! ನೀಲ್‌ಗೆ ಬಲಗಡೆ ಹಿಡಿಗೆ ಕಟ್ಸಿದ್ದಕ್ಕೇ ತಾನೇ ಉಳಿದಿದ್ದು? ನೀವೇ ಅಲ್ವಾ ಹೇಳಿದ್ದು ಎಲ್ಲಿ ಸುತ್ತಬೇಕು ಅಂತ. ಬದರಿಯವ್ರಿಗೂ ಹಂಗೇ ಹೇಳಿದೀನಿ."

ನೀಲ್ ಅಪ್ಪನ ಮುಖ ನೋಡಿದ. ಅಪ್ಪ ಮಗನ ಮುಖ ನೋಡಿದ.

"ಅಲ್ವೇನ್ರೀ?"

"ಹೌದು," ಅಂದ ಸೇತುರಾಮ.

ಅವಳು ಕೊತ್ತಂಬರಿಯನ್ನು ನೀರಿಗೆ ಹಾಕಲು ಒಳಗೆ ಹೋದಳು. ಮೇಜಿನ ಮೇಲಿದ್ದ ಫೋನು ಒಮ್ಮೆ ಅದುರಿತು. ಕಂಪನಿಯಿಂದ ತಾನಾಗಿಯೇ ಬಂದ ಉತ್ತರ: ನಿಮ್ಮ ಸಂದೇಶ ತಲುಪಿದೆ, ಧನ್ಯವಾದ, ಈ ವರ್ಷದ ಹಿಮ ಕರಗಿದೆ, ಮುಂದಿನ ಚಳಿಗಾಲದ ಬುಕಿಂಗ್ ಶುರುವಾಗಿದೆ.