ತೂತಿರುವ ಹತ್ತು ವಾಕ್ಯಗಳು

ಒಂದೈದು ನಿಮಿಷ ಕೂತು ಇದನ್ನು ಪೂರ್ತಿ ಕೇಳಿಬಿಡಿ, ಗ್ರಾಮರ್ ಅಂದ ತಕ್ಷಣ ಎದ್ದು ಹೋಗಬೇಡಿ. ನಾನು ಅಮೂಲ್ಯ. ರಾಮನಗರದಲ್ಲಿ ಒಂದು ಚಪ್ಪಲಿ ಅಂಗಡಿಯ ಮೇಲಿನ ರೂಮಿನಲ್ಲಿ ಭಾನುವಾರ ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತೇನೆ. ಕೊನೆಗೆ ಒಂದು ಟೆಸ್ಟ್, ಪಾಸಾದವರಿಗೆ ಸರ್ಟಿಫಿಕೇಟ್.

ಈ ಸಲದ ಬ್ಯಾಚಿನಲ್ಲಿ ನಾಹಿದಾ ಇದ್ದರು. ಬಿಎ ಓದಿದವರು. ಹನ್ನೆರಡು ವರ್ಷದಿಂದ ಮನೆಯವರ ರೇಷ್ಮೆ ನೂಲಿನ ಶೆಡ್ಡಿನಲ್ಲಿ ಗೂಡು ಆರಿಸುತ್ತಿದ್ದಾರೆ. ಅವರ ಬೀದಿಯ ಸಣ್ಣ ಶಾಲೆಯವರು, ಈ ಕ್ಲಾಸಿನ ಸರ್ಟಿಫಿಕೇಟ್ ತಂದರೆ ಟೀಚರ್ ಕೆಲಸ ಕೊಡುತ್ತೇವೆ ಎಂದಿದ್ದರು. ಟೆಸ್ಟಿನ ಮಾರನೆಯ ದಿನ, ಸೋಮವಾರ ಸಂಜೆ ಐದರೊಳಗೆ ತರಬೇಕು.

ಕಷ್ಟವಾಗಿದ್ದು ಒಂದೇ ಪಾಠ. ‘ದ ನ್ಯೂಸ್ ದಟ್ ಶಿ ಬ್ರಾಟ್’ ಅಂದರೆ ಅವಳು ತಂದ ಸುದ್ದಿ. ಇದು ರಿಲೇಟಿವ್ ಉಪವಾಕ್ಯ, ಯಾವ ಸುದ್ದಿ ಎಂದು ಹೇಳುತ್ತದೆ. ‘ದ ನ್ಯೂಸ್ ದಟ್ ಶಿ ಪಾಸ್ಡ್’ ಅಂದರೆ ಅವಳು ಪಾಸಾದಳೆಂಬ ಸುದ್ದಿ, ಇದು ಕಾಂಪ್ಲಿಮೆಂಟ್, ಸುದ್ದಿ ಏನು ಎಂದು ಹೇಳುತ್ತದೆ. ಎರಡರಲ್ಲೂ ಅದೇ ‘ದಟ್’. ನನಗೆ ಈ ಪಾಠವೆಂದರೆ ಪ್ರಾಣ. ಮೂರು ಭಾನುವಾರ ಹೇಳಿದೆ, ಒಬ್ಬರಿಗೂ ಹತ್ತಲಿಲ್ಲ. ನಾಲ್ಕನೆಯ ವಾರ ನಾಹಿದಾ ಬರಲೇ ಇಲ್ಲ.

ಕರೆತರಲು ಶೆಡ್ಡಿಗೆ ಹೋದೆ. ಅವರು ಗೂಡು ಆರಿಸುತ್ತಿದ್ದರು. ಚಿಟ್ಟೆ ತೂತು ಕೊರೆದು ಹೊರಟುಹೋದ ಗೂಡಿನಲ್ಲಿ ಎಳೆ ತುಂಡಾಗುತ್ತದಂತೆ. ಅಂಥವನ್ನು ಬೇರೆ ಬುಟ್ಟಿಗೆ ಎಸೆಯುತ್ತಿದ್ದರು. ಇಡಿಯಾಗಿರುವುದು ಮಾತ್ರ ಬಿಸಿನೀರಿಗೆ. ನನಗೆ ಪಾಠ ಅಲ್ಲೇ ಸಿಕ್ಕಿತು.

ಮುಂದಿನ ಭಾನುವಾರ ಎರಡೂ ಥರದ ಗೂಡು ತಂದಿಟ್ಟು, ‘ದಟ್’ ಆದಮೇಲೆ ಉಳಿದದ್ದನ್ನು ಓದಿ ಎಂದೆ. ‘ಶಿ ಬ್ರಾಟ್’: ಏನನ್ನು ತಂದಳು? ಒಳಗೊಂದು ತೂತಿದೆ, ಅಲ್ಲಿದ್ದ ಸುದ್ದಿ ಹೊರಗೆ ಹಾರಿದೆ. ಆದ್ದರಿಂದ ರಿಲೇಟಿವ್. ‘ಶಿ ಪಾಸ್ಡ್’: ಮಾತು ಪೂರ್ತಿ, ತೂತಿಲ್ಲ. ಆದ್ದರಿಂದ ಕಾಂಪ್ಲಿಮೆಂಟ್. ವಾಪಸ್ ಬಂದಿದ್ದ ನಾಹಿದಾ ಸೇರಿ ಎಲ್ಲರಿಗೂ ಅರ್ಥವಾಯಿತು, ಕೃಷ್ಣಪ್ಪನವರೊಬ್ಬರನ್ನು ಬಿಟ್ಟು. ಅವರು ಬಿಡದಿಯ ಒಂದು ಫ್ಯಾಕ್ಟರಿಯಿಂದ ರಿಟೈರ್ ಆದವರು, ಮೊಮ್ಮಗಳಿಗೆ ಹೋಂವರ್ಕ್ ಹೇಳಿಕೊಡಲು ಕಲಿಯುತ್ತಿದ್ದಾರೆ.

ಟೆಸ್ಟಿನಲ್ಲಿ ಇಪ್ಪತ್ತು ವಾಕ್ಯ. ಪ್ರತಿಯೊಂದರ ಪಕ್ಕ ಯಾವ ಜಾತಿಯ ಉಪವಾಕ್ಯ ಎಂದು ಬರೆಯಬೇಕು. ಹನ್ನೆರಡು ಬಂದರೆ ಪಾಸು. ಉತ್ತರ ಬರೆಯದಿದ್ದರೆ ಸೊನ್ನೆ ಎಂದು ನಾನೇ ಗೋಡೆಗೆ ಬರೆದು ಅಂಟಿಸಿದ್ದೆ.

ಸೋಮವಾರ ಮಧ್ಯಾಹ್ನ ಪೇಪರ್ ತಿದ್ದಿದೆ. ಕೃಷ್ಣಪ್ಪನವರು ಇಪ್ಪತ್ತಕ್ಕೂ ‘ಕಾಂಪ್ಲಿಮೆಂಟ್’ ಎಂದು ಬರೆದಿದ್ದರು. ಹತ್ತು ಸರಿ. ನಾಹಿದಾ ಹತ್ತಕ್ಕೆ ‘ಕಾಂಪ್ಲಿಮೆಂಟ್’ ಎಂದು ಬರೆದು, ಉಳಿದ ಹತ್ತು ವಾಕ್ಯಗಳನ್ನು ಸ್ಕೇಲಿಟ್ಟು ಹೊಡೆದು ಹಾಕಿದ್ದರು. ಹೊಡೆದು ಹಾಕಿದ್ದೆಲ್ಲ ರಿಲೇಟಿವ್, ಒಂದೂ ತಪ್ಪಿರಲಿಲ್ಲ. ಅವರಿಗೂ ಹತ್ತು.

ನಾಲ್ಕು ಗಂಟೆಗೆ ಪೇಪರ್ ಹಿಡಿದು ಶೆಡ್ಡಿಗೆ ಹೋದೆ.

“ಅಕ್ಕ, ಈ ಹತ್ತಕ್ಕೆ ಯಾಕೆ ಏನೂ ಬರ್ದಿಲ್ಲ?”

“ತೂತು ಐತಲ್ಲ ಮಿಸ್, ತೆಗ್ದು ಹಾಕ್ಬುಟ್ಟೆ. ಅವನ್ನ ಯಾರು ಇಟ್ಕತಾರೆ?”

ಅವಕ್ಕೂ ಹೆಸರು ಬರೆಯಬೇಕಿತ್ತು ಎಂದೆ. ಅವರು ಒಮ್ಮೆ ಪೇಪರ್ ನೋಡಿದರು, ಒಮ್ಮೆ ಬುಟ್ಟಿ ನೋಡಿದರು.

“ಗೂಡು ತಂದು ತೋರ್ಸಿದ್ದು ನೀವು. ಹೆಸ್ರು ಬರ್ದು ಎಸೀಬೇಕು ಅಂತ ಹೇಳ್ನಿಲ್ಲ.”

ನಿಜ, ಹೇಳಿರಲಿಲ್ಲ. ಅಲ್ಲೇ ನಿಂತು ಆ ಹತ್ತನ್ನೂ, ನಡುನಡುವೆ ಉಳಿದ ಹತ್ತನ್ನೂ ಕಲಸಿ ಓದಿದೆ. ಅವರು ತಲೆಯೆತ್ತದೆ ಗೂಡು ಆರಿಸುತ್ತಲೇ ಇಪ್ಪತ್ತಕ್ಕೂ ಸರಿಯಾಗಿ ಹೆಸರು ಹೇಳಿದರು. ನಾಲ್ಕೂವರೆಗೆ ಪೇಪರಿನ ಮೇಲೆ ಇಪ್ಪತ್ತು ಎಂದು ಬರೆದು ಸರ್ಟಿಫಿಕೇಟಿಗೆ ಸಹಿ ಹಾಕಿದೆ. ಐದಕ್ಕೆ ಹತ್ತು ನಿಮಿಷವಿರುವಾಗ ಅದು ಶಾಲೆ ತಲುಪಿತು. ಈಗ ನಾಹಿದಾ ಟೀಚರ್.

ಅವರು ನಡೆದದ್ದನ್ನೆಲ್ಲ ಸಂತೋಷದಿಂದ ಬ್ಯಾಚಿನವರಿಗೆ ಹೇಳಿದ್ದರು. ಉಳಿದವರು ಸರ್ಟಿಫಿಕೇಟ್ ಒಯ್ಯಲು ಬರಬೇಕಿದ್ದ ಮುಂದಿನ ಭಾನುವಾರ ಕೃಷ್ಣಪ್ಪನವರು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು.

“ನಂಗೂ ಹತ್ತು, ಆಯಮ್ಮಂಗೂ ಹತ್ತು. ಆಯಮ್ಮನ್ನ ಬಾಯಲ್ಲಿ ಕೇಳಿದ್ರಂತೆ. ನನ್ನೂ ಒಸಿ ಕೇಳ್ಬುಡಿ ಮಿಸ್.”

ನ್ಯಾಯವೇ ಅನ್ನಿಸಿತು, ಕೇಳಿದೆ. ಅವರು ಪ್ರತಿಯೊಂದಕ್ಕೂ ಕಣ್ಣು ಮುಚ್ಚಿ ಚೆನ್ನಾಗಿ ಯೋಚಿಸಿದರು, ಇಪ್ಪತ್ತಕ್ಕೂ ‘ಕಾಂಪ್ಲಿಮೆಂಟ್’ ಎಂದರು. ಹತ್ತು ಹತ್ತಾಗಿಯೇ ಉಳಿಯಿತು.

ಹೊರಡುವಾಗ ಗೋಡೆಯ ನಿಯಮದ ಕೆಳಗೆ ಪೆನ್ಸಿಲಿನಲ್ಲಿ ಏನೋ ಬರೆದು ಹೋದರು. ಓದಿದೆ: ‘ಮಿಸ್ಸು ಮನೆಗೇ ಬಂದು ಕೇಳುವವರಿಗೆ ಇದು ಅನ್ವಯಿಸುವುದಿಲ್ಲ.’ ಅಳಿಸೋಣ ಅಂದರೆ ಸುಳ್ಳಲ್ಲ, ಹಾಗೇ ಬಿಟ್ಟಿದ್ದೇನೆ. ಹೇಳಿ, ನೀವಾಗಿದ್ದರೆ ಆ ಪೇಪರಿನ ಮೇಲೆ ಹತ್ತು ಬರೆಯುತ್ತಿದ್ದಿರೋ, ಇಪ್ಪತ್ತು ಬರೆಯುತ್ತಿದ್ದಿರೋ?